ಹತ್ತು ನಿಮಿಷದ ಈರುಳ್ಳಿ, ಏಳು ದಿನದ ಪಿಯಾನೋ: ಎರಡು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಗಡೆ ‘ಅವರು ಹೇಳಿದ್ದು’, ಬಲಗಡೆ ‘ನನಗೆ ಹಿಡಿದದ್ದು’. ಅವರು ಅಂದರೆ ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಅಡುಗೆ, ಪಿಯಾನೋ ಹೇಳಿಕೊಡುವವರು. ಮೊದಲ ಪುಟದ ಮೊದಲ ಸಾಲು ಹೀಗಿದೆ: ಈರುಳ್ಳಿ ಚೆನ್ನಾಗಿ ಕಂದು ಬಣ್ಣಕ್ಕೆ ಬರಲು ಅವರು ಹೇಳಿದ್ದು 10 ನಿಮಿಷ, ನನಗೆ ಹಿಡಿದದ್ದು 43. ಅದೇ ಪುಟದ ಕೊನೆಯ ಸಾಲು: ಎರಡೂ ಕೈ ಸೇರಿಸಿ ಎಂಟು ಬಾರ್ (ತಾಳದ ಲೆಕ್ಕದಲ್ಲಿ ಭಾಗ ಮಾಡಿದ ಸಣ್ಣ ತುಂಡುಗಳು) ನುಡಿಸಲು ಅವರು ಹೇಳಿದ್ದು 7 ದಿನ, ನನಗೆ ಹಿಡಿದದ್ದು 11 ವಾರ.

ಈ ಎರಡು ಸಾಲಿನ ನಡುವೆ ಇರುವ ಸಿಟ್ಟಿನಿಂದಲೇ ಆ ಬಿಟ್ಟಿ ಪಾಠಗಳ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ. ವಯಸ್ಸು 63. ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷ ಆಯಿತು. ಮನೆಯಲ್ಲಿ ಇರುವುದು ನಾನು ಮತ್ತು ಅಕ್ಕ. ಅಡುಗೆಮನೆ ಯಾವತ್ತೂ ಅಕ್ಕನದು. ನಾನು ಆಫೀಸಿಗೆ ಹೋಗುತ್ತಿದ್ದೆ, ಬಂದು ಬಡಿಸಿದ್ದನ್ನು ಉಣ್ಣುತ್ತಿದ್ದೆ. ಈಗ ಅವಳ ಮಂಡಿ ಸೋತಿದೆ, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಹಾಗಾಗಿ ಅಡುಗೆ ನನ್ನ ಪಾಲಿಗೆ ಬಂತು. ಪಿಯಾನೋ ಮಾತ್ರ ನನ್ನದೇ ಆಸೆ, ಚಿಕ್ಕಂದಿನದು. ಬೇರೆಯವರು ಬಳಸಿ ಬಿಟ್ಟ 88 ಕೀಗಳ ಡಿಜಿಟಲ್ ಪಿಯಾನೋ ಒಂದನ್ನು ಕೊಂಡೆ. ಇದಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಮುಗಿಯಿತು. ಇನ್ನು ಕಲಿಯುವುದೆಲ್ಲ ಬಿಟ್ಟಿಯಾಗಿ, ಆನ್‌ಲೈನ್‌ನಲ್ಲಿ, ಅಂತ ತೀರ್ಮಾನ ಮಾಡಿದೆ. ನನ್ನ ಅಭಿಪ್ರಾಯವನ್ನು ಆ ಲೆಕ್ಕ ಇಟ್ಟುಕೊಂಡೇ ಓದಿ. ಪ್ರತಿ ತಿಂಗಳು ಮೇಷ್ಟರಿಗೆ ಫೀಸು ಕೊಡಲು ಅನುಕೂಲ ಇರುವವರಿಗೆ ನನ್ನ ಎಷ್ಟೋ ತೊಂದರೆಗಳು ಬರುವುದೇ ಇಲ್ಲ.

ಬಿಟ್ಟಿ ಪಾಠಗಳಿಗೆ ಕೊರತೆ ಇಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ. ಕೊರತೆ ಇರುವುದು ನಿಜವಾದ ಸಮಯ ಹೇಳುವವರಿಗೆ.

ಈರುಳ್ಳಿಯನ್ನೇ ತೆಗೆದುಕೊಳ್ಳಿ. ಈರುಳ್ಳಿಯ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ನೀರು. ಬಾಣಲೆಯಲ್ಲಿ ಆ ನೀರು ಇರುವವರೆಗೂ ಈರುಳ್ಳಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದು ಬಣ್ಣ ಮತ್ತು ಆ ಘಮ ಚುರುಕಾಗಿ ಬರೋದು ಬಿಸಿ ಸುಮಾರು 140 ದಾಟಿದ ಮೇಲೆ. ಅಂದರೆ ಮೊದಲು ನೀರು ಹೋಗಬೇಕು, ಆಮೇಲೆ ಬಣ್ಣ. ಮೂರು ದೊಡ್ಡ ಈರುಳ್ಳಿಯ ನೀರು ಸಣ್ಣ ಉರಿಯಲ್ಲಿ ಹತ್ತು ನಿಮಿಷಕ್ಕೆ ಹೋಗಿ, ಬಣ್ಣವೂ ಬರುವುದು ಸಾಧ್ಯವೇ ಇಲ್ಲ. ಉರಿ ಜಾಸ್ತಿ ಮಾಡಿದರೆ ಅಂಚು ಕರಕಲಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇದು ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಅಲ್ಲಿಯವರೆಗೂ ಹತ್ತು ನಿಮಿಷಕ್ಕೆ ಸರಿಯಾಗಿ ಉರಿ ಏರಿಸುತ್ತಿದ್ದೆ, ಸುಡುತ್ತಿದ್ದೆ, ಎಸೆಯುತ್ತಿದ್ದೆ.

ಇನ್ನೊಂದು ಮರೆಮಾಚಿದ ಸಮಯ ಇದೆ. ಸಾಮಾನಿನ ಪಟ್ಟಿಯಲ್ಲಿ ‘ಸಣ್ಣಗೆ ಹೆಚ್ಚಿದ ಈರುಳ್ಳಿ 3’ ಅಂತ ಬರೆದಿರುತ್ತಾರೆ. ಅಡುಗೆಯ ಸಮಯ ಶುರುವಾಗುವುದು ಅದಾದ ಮೇಲೆ. ಹೆಚ್ಚಿದ್ದು ಯಾರು? ಎಷ್ಟು ಹೊತ್ತಿನಲ್ಲಿ? ಆ ಮೂರು ಈರುಳ್ಳಿಗೆ ನನಗೆ ಮೊದಲು 14 ನಿಮಿಷ ಬೇಕಾಗುತ್ತಿತ್ತು. ಈಗ 6. ಬೆರಳ ತುದಿಯನ್ನು ಒಳಗೆ ಮಡಚಿ, ಗೆಣ್ಣಿಗೆ ಚಾಕುವಿನ ಪಕ್ಕ ತಾಗಿಸಿ ಹೆಚ್ಚುವುದನ್ನು ಒಂದು ವೀಡಿಯೋದಿಂದಲೇ ಕಲಿತೆ. ಅದಕ್ಕೆ ನಾನು ಋಣಿ. ಆದರೆ ‘20 ನಿಮಿಷದ ಅಡುಗೆ’ ಅಂತ ಹೆಸರಿಟ್ಟದ್ದು ನನ್ನ ಕೈಯಲ್ಲಿ ಒಂದು ಗಂಟೆ ಆದಾಗ, ಹಸಿದು ಕೂತ ಅಕ್ಕನ ಮುಖ ನೋಡೋದು ಕಷ್ಟ ಆಗುತ್ತಿತ್ತು.

ಪಿಯಾನೋ ಕಡೆ ಇದಕ್ಕಿಂತ ಕೆಟ್ಟದಾಗಿತ್ತು. ನಾನು ಶುರು ಮಾಡಿದ್ದು ಮೇಲಿನಿಂದ ಬಣ್ಣದ ಪಟ್ಟಿಗಳು ಬೀಳುವ ವೀಡಿಯೋಗಳಿಂದ. ಪಟ್ಟಿ ಯಾವ ಕೀ ಮೇಲೆ ಬೀಳುತ್ತದೋ ಅದನ್ನು ಒತ್ತಬೇಕು. ನೋಡೋಕೆ ಚೆಂದ, ಯಾರಿಗಾದರೂ ಆಸೆ ಹುಟ್ಟುತ್ತದೆ. ಯಾವ ಬೆರಳು ಅಂತ ಮಾತ್ರ ಹೇಳುವುದಿಲ್ಲ. ಎರಡು ತಿಂಗಳು ಹಾಗೇ ಕಲಿತೆ. ಎಂಟು ಬಾರ್ ನೆನಪಿನಲ್ಲಿ ನಿಂತವು. ಆದರೆ ಐದನೇ ಬಾರ್‌ನಲ್ಲಿ ತಪ್ಪಿದರೆ ಐದರಿಂದ ಮತ್ತೆ ಶುರು ಮಾಡಲು ಬರುತ್ತಿರಲಿಲ್ಲ. ಪ್ರತಿ ಸಲವೂ ಮೊದಲಿನಿಂದ. ಕಾಗದದ ಮೇಲೆ ಅದೇ ಸ್ವರಗಳನ್ನು ಬರೆದು ಇಟ್ಟರೆ ಗುರುತು ಸಿಗುತ್ತಿರಲಿಲ್ಲ. ನನ್ನ ಕೈ ನುಡಿಸುತ್ತಿತ್ತು, ಏನು ನುಡಿಸುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಒಂದು ಆ್ಯಪ್. ಹೆಸರು ಬೇಡ. ‘ಉಚಿತ’ ಅಂತ ದೊಡ್ಡದಾಗಿ ಬರೆದಿತ್ತು. ಮೂರನೇ ದಿನ, ಬಲಗೈ ಇನ್ನೂ ಸರಿಯಾಗಿ ಕೂರುವ ಮೊದಲೇ, ಕಾರ್ಡ್ ನಂಬರ್ ಕೇಳಿತು. ತೆಗೆದುಹಾಕಿದೆ. ಅದರಲ್ಲಿ ದಿನಗಳ ಲೆಕ್ಕ ಬೇರೆ: ಇವತ್ತು ಮೂರನೇ ದಿನ, ನೀವು ಇಲ್ಲಿರಬೇಕಿತ್ತು, ಹಿಂದೆ ಬಿದ್ದಿದ್ದೀರಿ.

‘ಹಿಂದೆ ಬಿದ್ದಿದ್ದೀರಿ.’ ಆ ಮಾತು ನನ್ನೊಳಗೆ ಬಹಳ ದಿನ ಕೊರೆಯಿತು.

ನನ್ನ ದೂರು ಏನು ಅಂತ ನೇರವಾಗಿ ಹೇಳುತ್ತೇನೆ. ಇಪ್ಪತ್ತು ವರ್ಷದ ಹುಡುಗಿಗೆ ಹತ್ತು ನಿಮಿಷದಲ್ಲಿ ಈರುಳ್ಳಿ ಕಂದು ಆಗದಿದ್ದರೆ, ಈ ವೀಡಿಯೋ ಸರಿ ಇಲ್ಲ ಅಂತ ಬೇರೆಯದು ಹುಡುಕುತ್ತಾಳೆ. ಅರವತ್ತು ದಾಟಿದವರು ಹಾಗೆ ಅಂದುಕೊಳ್ಳುವುದಿಲ್ಲ. ನನಗೆ ವಯಸ್ಸಾಯಿತು, ಕೈ ನಿಧಾನ, ತಲೆಗೆ ಹೋಗುತ್ತಿಲ್ಲ ಅಂದುಕೊಳ್ಳುತ್ತೇವೆ. ನಾನು ಅಂದುಕೊಂಡೆ. ಆರು ತಿಂಗಳು ಹಾಗೇ ನಂಬಿದ್ದೆ. ಒಂದು ವಾರ ಪಿಯಾನೋ ಮೇಲೆ ಬಟ್ಟೆ ಹೊದಿಸಿ ಇಟ್ಟುಬಿಟ್ಟೆ. ತಪ್ಪು ನನ್ನ ವಯಸ್ಸಿನದಲ್ಲ, ಯಾರೋ ಬರೆದ ಸುಳ್ಳು ನಿಮಿಷದ್ದು ಅಂತ ತಿಳಿಯಲು ನನಗೆ ಆ ನೋಟ್‌ಬುಕ್ ಬೇಕಾಯಿತು. ಪುಟ ತಿರುವಿ ನೋಡಿದರೆ ಒಂದೇ ಒಂದು ಕಡೆಯೂ ಬಲಗಡೆಯ ಅಂಕಿ ಎಡಗಡೆಗಿಂತ ಕಡಿಮೆ ಇರಲಿಲ್ಲ. ಎಲ್ಲ ಅಡುಗೆಯಲ್ಲೂ, ಎಲ್ಲ ಪಾಠದಲ್ಲೂ ನಾನೊಬ್ಬಳೇ ನಿಧಾನ ಇರೋಕೆ ಸಾಧ್ಯವೇ? ಅದರಲ್ಲೂ ಅಕ್ಕ, ನಲವತ್ತು ವರ್ಷ ಅಡುಗೆ ಮಾಡಿದವಳು, ಆ ಹತ್ತು ನಿಮಿಷ ನೋಡಿ ‘ಯಾರು ಹೇಳಿದ್ದು ಇದನ್ನ?’ ಅಂತ ಕೇಳಿದಳು.

ನನ್ನ ಮನಸ್ಸು ಬದಲಾದದ್ದೂ ಅಕ್ಕನಿಂದಲೇ. ಒಂದು ಸಂಜೆ ಬಾಣಲೆ ಮುಂದೆ ಗಡಿಯಾರ ಹಿಡಿದು ನಿಂತಿದ್ದೆ. ಅಕ್ಕ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಅಲ್ಲಿಂದಲೇ ಕೂಗಿದಳು: “ನೀರಿನ್ನೂ ಆರಿಲ್ಲ ಕಣೇ. ಸದ್ದು ಕೇಳು.”

ಕೇಳಿದೆ. ಮೊದಲು ಜೋರಾಗಿ ಚೊಂಯ್ ಅನ್ನುವ ಸದ್ದು. ಅದು ನೀರು ಆವಿಯಾಗುವ ಸದ್ದು. ಹೊತ್ತು ಕಳೆದಂತೆ ಅದು ತಗ್ಗುತ್ತದೆ. ಒಂದು ಹಂತದಲ್ಲಿ ಬಾಣಲೆ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಆಮೇಲೆ ಬಿಡಿಬಿಡಿಯಾಗಿ ಸಣ್ಣ ಚಿಟಪಟ. ಅಲ್ಲಿಂದ ಬಣ್ಣ ಬೇಗ ತಿರುಗುತ್ತದೆ, ಕೈ ಆಡಿಸುತ್ತಲೇ ಇರಬೇಕು. ಅವತ್ತು ಗಡಿಯಾರ ಕೆಳಗಿಟ್ಟು ಕಿವಿ ಕೊಟ್ಟು ನಿಂತೆ. ನನ್ನ ಮೊದಲ ಸರಿಯಾದ ಈರುಳ್ಳಿ ಆಯಿತು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು “ಹದ ಬಂತು” ಅಂದಳು. ಅವಳು ಸುಮ್ನೆ ಹೊಗಳುವವಳಲ್ಲ.

ಅಂದಿನಿಂದ ಬಿಟ್ಟಿ ಪಾಠಗಳನ್ನು ನಾನು ಆರಿಸುವ ರೀತಿಯೇ ಬೇರೆಯಾಯಿತು. ಪಾಠ ನಿಮಿಷ ಹೇಳುತ್ತದೆಯೋ, ಗುರುತು ಹೇಳುತ್ತದೆಯೋ ಅಂತ ನೋಡುತ್ತೇನೆ. ‘8 ನಿಮಿಷ ಹುರಿಯಿರಿ’ ಅಂತ ಅಷ್ಟಕ್ಕೇ ಬಿಟ್ಟರೆ ಮುಂದೆ ಹೋಗುತ್ತೇನೆ. ‘ಅಂಚು ಗಾಜಿನಂತೆ ಆಗುವವರೆಗೆ’, ‘ಚಮಚದಲ್ಲಿ ಗೆರೆ ಎಳೆದರೆ ತಳ ಕಾಣುವವರೆಗೆ’, ‘ಎಣ್ಣೆ ಪಕ್ಕಕ್ಕೆ ಬಿಡುವವರೆಗೆ’ ಅಂತ ಇದ್ದರೆ ಕೂತು ಓದುತ್ತೇನೆ. ಅಂಥವು ಇವೆ. ಹುಡುಕಿದರೆ ಬೇಕಾದಷ್ಟು ಇವೆ, ಬಿಟ್ಟಿಯಾಗಿಯೇ ಇವೆ. ಆದರೆ ಹುಡುಕಿದಾಗ ಮೊದಲು ಬರುವ ಪುಟಗಳಲ್ಲಿ ಅವು ಕಡಿಮೆ. ಉದ್ದ ಬರಹಗಳಲ್ಲಿ ಜಾಸ್ತಿ. ಒಂದು ಅಡುಗೆಯನ್ನು ಹತ್ತು ರೀತಿ ಮಾಡಿ ನೋಡಿ, ಯಾಕೆ ಹಾಗಾಗುತ್ತದೆ ಅಂತ ಬರೆಯುವ ಸೀರಿಯಸ್ ಈಟ್ಸ್ ಥರದ ವೆಬ್‌ಸೈಟ್‌ಗಳು ನನಗೆ ಬಹಳ ಸಹಾಯ ಮಾಡಿವೆ. ಮೊಟ್ಟೆಯನ್ನು ತಣ್ಣೀರಿನಲ್ಲಿ ಇಟ್ಟು ಕಾಯಿಸುವ ಬದಲು, ಕುದಿಯುವ ನೀರಿಗೇ ಇಳಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ ಅಂತ ಅಂಥ ಕಡೆಯೇ ಓದಿದ್ದು. ಈಗ ನಮ್ಮ ಮನೆಯಲ್ಲಿ ಹಾಗೇ.

ವೀಡಿಯೋಗಳಿಗೆ ಒಂದು ಮನವಿ: ಹಿನ್ನೆಲೆ ಸಂಗೀತ ತೆಗೆಯಿರಿ. ಬಾಣಲೆಯ ಸದ್ದೇ ಅರ್ಧ ಪಾಠ. ಅದನ್ನೇ ಮುಚ್ಚಿಬಿಟ್ಟರೆ ಹೇಗೆ? ಏನೂ ಮಾತಾಡದೆ, ಸಂಗೀತ ಹಾಕದೆ, ಸುಮ್ಮನೆ ಅಡುಗೆ ಮಾಡಿ ತೋರಿಸುವ ಕೆಲವು ಚಾನೆಲ್‌ಗಳಿವೆ. ನಾನು ಅವನ್ನು ಕಣ್ಣು ಮುಚ್ಚಿ ಕೂಡ ಕೇಳುತ್ತೇನೆ.

ಪಿಯಾನೋದಲ್ಲಿ ಅದೇ ಗುರುತನ್ನು ಹುಡುಕಿದೆ. ಸಿಕ್ಕಿತು. ಒಂದು ಲಿಖಿತ ಪಾಠದಲ್ಲಿ ಹೀಗಿತ್ತು: ಮೆಟ್ರೋನಮ್ (ಟಿಕ್ ಟಿಕ್ ಅಂತ ತಾಳ ಹಾಕುವ ಸಾಧನ) ನಿಧಾನ ಇಡಿ. ಎರಡು ಬಾರ್ ಮಾತ್ರ ತೆಗೆದುಕೊಳ್ಳಿ. ತಪ್ಪಿಲ್ಲದೆ ಸತತ ಮೂರು ಸಲ ಬಂದರೆ ವೇಗವನ್ನು 4 ಹೆಚ್ಚಿಸಿ. ಬರದಿದ್ದರೆ 4 ಇಳಿಸಿ. ಎಷ್ಟು ದಿನ ಅಂತ ಎಲ್ಲೂ ಇರಲಿಲ್ಲ! ಅದನ್ನು ಓದಿ ಎಷ್ಟು ಹಗುರಾಯಿತು ಗೊತ್ತಾ? ಅವತ್ತೇ ಬಟ್ಟೆ ತೆಗೆದು ಕೂತೆ. ನಿಮಿಷಕ್ಕೆ 50 ತಾಳದಿಂದ ಶುರು ಮಾಡಿದೆ. ಕೆಲವು ದಿನ 46ಕ್ಕೆ ಇಳಿದೆ. ಇಳಿದದ್ದು ಸೋಲು ಅಂತ ಅನ್ನಿಸಲಿಲ್ಲ, ಯಾಕೆಂದರೆ ಇಳಿಯುವುದೂ ಪಾಠದ ಒಳಗೇ ಇತ್ತು.

ಈಗ ನನ್ನ ಬೆಳಗು ಹೇಗಿರುತ್ತದೆ ಹೇಳುತ್ತೇನೆ. ಅಕ್ಕ ಏಳುವ ಮೊದಲು ನಾನು ಏಳುತ್ತೇನೆ. ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ, ಹೊರಗೆ ಕೀಗಳ ಟಕ್ ಟಕ್ ಬಿಟ್ಟು ಏನೂ ಕೇಳಿಸುವುದಿಲ್ಲ. ಮೊದಲು ಸಿ ಮೇಜರ್ ಸ್ಕೇಲ್, ಅಂದರೆ ಸಿ ಸ್ವರದಿಂದ ಬಿಳಿ ಕೀಗಳನ್ನು ಸಾಲಾಗಿ ಏರುವುದು. ಬಲಗೈಗೆ ಹೆಬ್ಬೆರಳು 1, ಕಿರುಬೆರಳು 5. ಒಂದು, ಎರಡು, ಮೂರು ಆದಮೇಲೆ ಹೆಬ್ಬೆರಳು ಕೆಳಗಿನಿಂದ ನುಸುಳಿ ಮತ್ತೆ ಒಂದು. ಆ ನುಸುಳುವಿಕೆ ನಯವಾಗಿ ಬಂದ ದಿನ ಇಡೀ ದಿನ ಚೆನ್ನಾಗಿರುತ್ತದೆ. ಎಡಗೈ ಏರುವಾಗ 5ರಿಂದ ಶುರು, ಹೆಬ್ಬೆರಳು ಮುಗಿದ ಮೇಲೆ ನಡುಬೆರಳು ಮೇಲಿನಿಂದ ದಾಟಬೇಕು. ಆಮೇಲೆ ಹತ್ತು ನಿಮಿಷ ಮ್ಯೂಸಿಕ್‌ಥಿಯರಿ ಡಾಟ್ ನೆಟ್‌ನಲ್ಲಿ ಸ್ವರ ಗುರುತಿಸುವ ಅಭ್ಯಾಸ. ಒಂದು ಸ್ವರ ತೋರಿಸುತ್ತದೆ, ಹೆಸರು ಹೇಳಬೇಕು, ಅಷ್ಟೇ. ದುಡ್ಡಿಲ್ಲ, ಬಣ್ಣದ ಪಟ್ಟಿ ಇಲ್ಲ, ಹಿಂದೆ ಬಿದ್ದಿದ್ದೀರಿ ಅನ್ನುವ ಮಾತಿಲ್ಲ. ಬೀಳುವ ಪಟ್ಟಿಗಳು ಎರಡು ತಿಂಗಳಲ್ಲಿ ಕೊಡದ್ದನ್ನು ಇದು ಮೂರು ವಾರದಲ್ಲಿ ಕೊಟ್ಟಿತು.

ಸ್ವರ ಓದಲು ಬಂದ ಮೇಲೆ ಐಎಂಎಸ್‌ಎಲ್‌ಪಿ ಬಾಗಿಲು ತೆರೆಯಿತು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. 2006ರಲ್ಲಿ ಶುರುವಾದ ಈ ಆನ್‌ಲೈನ್ ಸಂಗೀತ ಗ್ರಂಥಾಲಯದಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕೃತಿಗಳ ಸ್ವರಲಿಪಿ ರಾಶಿ ರಾಶಿ ಇದೆ. 2007ರಲ್ಲಿ ಹಕ್ಕುಸ್ವಾಮ್ಯದ ತಕರಾರಿನಿಂದ ಮುಚ್ಚಿ, 2008ರಲ್ಲಿ ಮತ್ತೆ ತೆರೆಯಿತು. ಹಾಗೆ ಉಳಿದುಬಂದದ್ದು ನನ್ನಂಥವರ ಪುಣ್ಯ. ಸದಸ್ಯರಲ್ಲದಿದ್ದರೆ ಡೌನ್‌ಲೋಡ್‌ಗೆ ಕೆಲವು ಸೆಕೆಂಡ್ ಕಾಯಿಸುತ್ತದೆ, ಕಾದರೆ ಏನಾಯಿತು? ಒಂದು ಎಚ್ಚರಿಕೆ ಮಾತ್ರ: ಹಕ್ಕುಸ್ವಾಮ್ಯದ ಅವಧಿ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಹೇಗೆ ಅಂತ ನೋಡಿಕೊಳ್ಳಿ. ನಾನು ಈಗ ಕಲಿಯುತ್ತಿರುವುದು ಜಿ ಮೇಜರ್‌ನ ಒಂದು ಸಣ್ಣ ಮಿನುಯೆಟ್ (ಹಳೆಯ ನೃತ್ಯದ ಧಾಟಿಯ ತುಣುಕು), 32 ಬಾರ್. ಜರ್ಮನಿಯ ಸಂಗೀತಕಾರ ಬಾಖ್ ತನ್ನ ಹೆಂಡತಿಗಾಗಿ ಇಟ್ಟಿದ್ದ 1725ರ ಪುಸ್ತಕದಲ್ಲಿ ಸಿಕ್ಕಿದ್ದರಿಂದ ಬಹಳ ಕಾಲ ಬಾಖ್‌ನದೇ ಅಂದುಕೊಂಡಿದ್ದರು. ಅದು ಅದೇ ಕಾಲದ ಇನ್ನೊಬ್ಬ ಸಂಗೀತಕಾರ ಕ್ರಿಶ್ಚಿಯನ್ ಪೆಟ್ಸೋಲ್ಡ್‌ನದು ಅಂತ ಈಗ ತಿಳಿದಿದೆ. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ, ಇಲ್ಲದಿದ್ದರೆ ಸಿಗದೆ ಒದ್ದಾಡುತ್ತೀರಿ.

ಹಳೆಯ ಪುಸ್ತಕಗಳ ಸ್ಕ್ಯಾನ್ ಕೆಲವು ಕಡೆ ಮಸುಕು. ಅದಕ್ಕೆ ನಾನು ಕಂಡುಕೊಂಡದ್ದು ಮ್ಯೂಸ್‌ಸ್ಕೋರ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್. ಸ್ವರಗಳನ್ನು ನಾನೇ ಒಂದೊಂದಾಗಿ ಕೂರಿಸಿ, ಅಕ್ಷರ ದೊಡ್ಡದು ಮಾಡಿ, ಒಂದು ಪುಟಕ್ಕೆ ಎಂಟೇ ಬಾರ್ ಬರುವಂತೆ ಪ್ರಿಂಟ್ ತೆಗೆಯುತ್ತೇನೆ. ಕೂರಿಸುವಾಗಲೇ ಅರ್ಧ ಬಾಯಿಪಾಠ ಆಗಿಬಿಡುತ್ತದೆ. ಇನ್ನು ಕಣ್ಣಿನ ವಿಷಯ. ನಮ್ಮ ವಯಸ್ಸಿನವರಿಗೆ ಯಾವ ವೀಡಿಯೋ ಕೂಡ ಇದನ್ನು ಹೇಳಲಿಲ್ಲ: ಓದುವ ಕನ್ನಡಕ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಮಾಡಿರುತ್ತದೆ. ಪಿಯಾನೋದ ಸ್ಟ್ಯಾಂಡ್ ಇರುವುದು ಅದಕ್ಕಿಂತ ದೂರ. ಹಾಗಾಗಿ ಕುತ್ತಿಗೆ ಮುಂದಕ್ಕೆ ಚಾಚಿ ಚಾಚಿ ನನಗೆ ಹೆಗಲು ಹಿಡಿದುಕೊಂಡಿತು. ಕೂತ ಜಾಗದಿಂದ ಸ್ಟ್ಯಾಂಡ್‌ವರೆಗೆ ಟೇಪಿನಲ್ಲಿ ಅಳೆದೆ, 65 ಬಂತು. ಆ ಅಳತೆ ಹೇಳಿ ಬೇರೆ ಕನ್ನಡಕ ಮಾಡಿಸಿದೆ. ಬಿಟ್ಟಿ ಪಾಠಕ್ಕೆ ನಾನು ಮಾಡಿದ ಒಂದೇ ಖರ್ಚು ಅದು. ಯಾವ ಪಾಠಕ್ಕಿಂತಲೂ ಜಾಸ್ತಿ ಉಪಯೋಗಕ್ಕೆ ಬಂತು.

ಬಿಟ್ಟಿ ಪಾಠದ ನಿಜವಾದ ಮಿತಿ ಒಂದೇ. ನಾವು ಅವರನ್ನು ನೋಡುತ್ತೇವೆ, ಅವರು ನಮ್ಮನ್ನು ನೋಡುವುದಿಲ್ಲ. ನನ್ನ ಮುಂಗೈ ನೋಯಲು ಶುರುವಾದಾಗ ಯಾಕೆ ಅಂತ ಹೇಳುವವರು ಯಾರೂ ಇರಲಿಲ್ಲ. ಎರಡು ದಿನ ನುಡಿಸುವುದು ಬಿಟ್ಟೆ. ಆಮೇಲೆ ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ನನ್ನನ್ನೇ ಚಿತ್ರೀಕರಿಸಿದೆ. ಪಾಠದ ವೀಡಿಯೋ ಜೊತೆ ಇಟ್ಟು ನೋಡಿದರೆ ಕಾರಣ ಕಂಡಿತು. ನಾನು ಕೂತಿದ್ದು ತಗ್ಗಿನಲ್ಲಿ. ಮೊಣಕೈ ಕೀಗಳಿಗಿಂತ ಕೆಳಗಿತ್ತು, ಹೆಗಲು ಕಿವಿಯ ಹತ್ತಿರ ಬಂದಿತ್ತು. ಕುರ್ಚಿಗೆ ಗಟ್ಟಿ ದಿಂಬು ಹಾಕಿ ಮೊಣಕೈಯನ್ನು ಕೀಗಳ ಮಟ್ಟಕ್ಕೆ ತಂದೆ. ನೋವು ಹೋಯಿತು. ತಿಂಗಳಿಗೊಮ್ಮೆ ಹೀಗೆ ಚಿತ್ರೀಕರಿಸುತ್ತೇನೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.5ಕ್ಕೆ ಇಳಿಸಿದರೂ ಸ್ವರದ ಮಟ್ಟ ಕೆಡುವುದಿಲ್ಲ. ಕಂಪ್ಯೂಟರಿನಲ್ಲಿ ‘ಜೆ’ ಒತ್ತಿದರೆ 10 ಸೆಕೆಂಡ್ ಹಿಂದೆ ಹೋಗುತ್ತದೆ. ನನ್ನ ಕೀಬೋರ್ಡಿನ ‘ಜೆ’ ಅಕ್ಷರ ಈಗ ಅಳಿಸಿಹೋಗಿದೆ.

ಅಡುಗೆಗೆ ಫೋನ್ ಇಡುವುದನ್ನು ನಿಲ್ಲಿಸಿದ್ದೇನೆ. ಒದ್ದೆ ಕೈ, ಕತ್ತಲಾಗುವ ಪರದೆ, ನಡುವೆ ಜಾಹೀರಾತು. ಅದರ ಬದಲು ಮಧ್ಯಾಹ್ನ ಕೂತು ಪಾಠವನ್ನು ಪೂರ್ತಿ ಓದಿ, ನನ್ನ ಕೈಬರಹದಲ್ಲಿ ಒಂದು ರಟ್ಟಿನ ಮೇಲೆ ಬರೆದುಕೊಳ್ಳುತ್ತೇನೆ. ಕಪ್, ಚಮಚಗಳನ್ನು ಗ್ರಾಂ, ಮಿಲಿಲೀಟರ್‌ಗೆ ತಿರುಗಿಸಿಯೇ ಬರೆಯುತ್ತೇನೆ. ಒಂದು ಕಪ್ ಅಂದರೆ ಒಬ್ಬರಿಗೆ 240 ಮಿಲಿಲೀಟರ್, ಇನ್ನೊಬ್ಬರಿಗೆ 250. ದೊಡ್ಡ ಚಮಚ ಬಹಳ ಕಡೆ 15, ಆಸ್ಟ್ರೇಲಿಯಾದವರದು 20. ‘ರುಚಿಗೆ ತಕ್ಕಷ್ಟು ಉಪ್ಪು’ ಅಂತ ಬರೆದ ಕಡೆ ನಾನು ಅಂಕಿಯನ್ನೇ ಹಾಕುತ್ತೇನೆ, ಅಕ್ಕನಿಗೆ ಬಿಪಿ ಇದೆ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸುಮಾರು ಒಂದು ಸಣ್ಣ ಚಮಚ. ರಟ್ಟನ್ನು ಬೀರುವಿನ ಬಾಗಿಲಿಗೆ ಅಂಟಿಸಿ ಅಡುಗೆಗೆ ನಿಲ್ಲುತ್ತೇನೆ. ಇಂಥ 70 ರಟ್ಟುಗಳಾಗಿವೆ.

ಒಂದು ವಿಷಯದಲ್ಲಿ ಮಾತ್ರ ಗಡಿಯಾರವನ್ನೇ ನಂಬಬೇಕು, ಇದನ್ನು ಬಿಡದೆ ಓದಿ. ಕೆಂಪು ಕಿಡ್ನಿ ಬೀನ್ಸ್ (ರಾಜ್ಮಾ) ಕಾಳನ್ನು ಒಣಗಿದ್ದೇ ಹಾಗೇ ನಿಧಾನ ಬೇಯಿಸುವ ಪಾತ್ರೆಗೆ ಹಾಕಿ ಅಂತ ಒಬ್ಬರು ತೋರಿಸಿದ್ದನ್ನು ನೋಡಿದ್ದೇನೆ. ಹಾಗೆ ಮಾಡಬಾರದು. ಆ ಕಾಳಿನಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ, ಸಣ್ಣ ಬಿಸಿಯಲ್ಲಿ ಅದು ಹೋಗುವುದಿಲ್ಲ. ಕಡಿಮೆ ಅಂದರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ನಿಲ್ಲದಂತೆ ಬೇಯಿಸಬೇಕು. ಹತ್ತು ನಿಮಿಷ ಸಾಕು ಅನ್ನುವವರಿದ್ದಾರೆ, ನಾನು 30 ನಿಮಿಷ ಕುದಿಸಿ ಆಮೇಲೆ ಮೆತ್ತಗಾಗುವವರೆಗೆ ಬಿಡುತ್ತೇನೆ. ಹಾಗೆಯೇ ಉಳಿದ ಅಡುಗೆ, ಅದರಲ್ಲೂ ಅನ್ನ, ಎರಡು ಗಂಟೆ ಒಳಗೆ ಫ್ರಿಜ್ ಸೇರಬೇಕು. ಇಲ್ಲಿ ಸದ್ದೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯನ್ನೂ ನಂಬುವಂತಿಲ್ಲ.

ನೋಟ್‌ಬುಕ್ ಇನ್ನೂ ಬರೆಯುತ್ತಿದ್ದೇನೆ. ಆದರೆ ಎಡಗಡೆಯ ತಲೆಬರಹ ಬದಲಾಗಿದೆ. ಈಗ ಅಲ್ಲಿ ‘ಗುರುತು’ ಅಂತಿದೆ. ಬಲಗಡೆ ತಾರೀಕು. ನಿನ್ನೆಯ ಸಾಲು: ಮಿನುಯೆಟ್‌ನ ಮೊದಲ 16 ಬಾರ್, ನಿಮಿಷಕ್ಕೆ 84ರಲ್ಲಿ, ತಪ್ಪಿಲ್ಲದೆ ಸತತ ಮೂರು ಸಲ. ಹೆಡ್‌ಫೋನ್ ತೆಗೆದು ನಾಲ್ಕನೇ ಸಲ ಜೋರಾಗಿ ನುಡಿಸಿದೆ. ಅಕ್ಕ ಎದ್ದಿದ್ದಳು. ಬಾಗಿಲಿಗೆ ಒರಗಿ ಕೊನೆಯವರೆಗೂ ಕೇಳಿ, “ನಡುವೆ ಒಂದು ಕಡೆ ಓಡಿದೆ ಕಣೇ” ಅಂದಳು. ನಿಜ. ಹನ್ನೊಂದನೇ ಬಾರ್‌ನಲ್ಲಿ ಓಡಿದ್ದೆ. ಇವತ್ತು ಅದನ್ನು 80ಕ್ಕೆ ಇಳಿಸಿದ್ದೇನೆ.